ನಮ್ಮ ಸುತ್ತಲಿನ ಬೀಡು ಕಬ್ಬಿಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ನಿನ್ನ ಕೆಲಸಕ್ಕೆ ಸಂಬಂಧಿಸಿದ ವಿಷಯವನ್ನೇ ಮಾತಾಡು, ಆದರೆ ಮಕ್ಕಳಿಗೂ ತಿಳಿಯಬೇಕು, ರೈತರಿಗೂ ಉಪಯೋಗಕ್ಕೆ ಬರಬೇಕು ಎಂದು ಸಂಘಟಕರು ಹೇಳಿದರು. ನಾನು ಬಿ.ಇ. ಓದಿದ್ದು ಮೆಕ್ಯಾನಿಕಲ್, ಕೆಲಸ ಸಾಫ್ಟ್‌ವೇರಿನದು. ನಮ್ಮ ತಂಡ ಬರೆಯುವ ಪ್ರೋಗ್ರಾಮುಗಳು ಎರಕದ ಕಾರ್ಖಾನೆಗಳಿಗೆ, ಅಂದರೆ ಫೌಂಡ್ರಿಗಳಿಗೆ ಹೋಗುತ್ತವೆ. ಅಚ್ಚಿನೊಳಗೆ ಸುರಿದ ಕಬ್ಬಿಣ ಎಲ್ಲಿ ಮೊದಲು ಗಟ್ಟಿಯಾಗುತ್ತದೆ, ಎಲ್ಲಿ ಕೊನೆಗೆ ಗಟ್ಟಿಯಾಗುತ್ತದೆ, ಎಲ್ಲಿ ಟೊಳ್ಳು ಉಳಿಯಬಹುದು ಎಂಬುದನ್ನು ಸುರಿಯುವ ಮೊದಲೇ ಲೆಕ್ಕ ಹಾಕಿ ತೋರಿಸುವುದು ಅವುಗಳ ಕೆಲಸ. ಹಾಗಾಗಿ ನಾನು ಬೆಳಗಿನಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂತಿದ್ದರೂ ಪರದೆಯ ಮೇಲೆ ಇರುವುದು ಕಬ್ಬಿಣವೇ. ಅದರಲ್ಲೂ ಬೀಡು ಕಬ್ಬಿಣ. ಇವತ್ತು ಅದರ ಗುಣ, ದರ್ಜೆ, ಉಪಯೋಗ ಈ ಮೂರನ್ನು ಹೇಳುತ್ತೇನೆ.

ಪುಸ್ತಕದಲ್ಲಿ ಇದರ ಹೆಸರು ಬೂದು ಎರಕ ಕಬ್ಬಿಣ. ನಾವು ಬೀಡು ಎನ್ನುತ್ತೇವೆ. ವರ್ಕ್‌ಶಾಪಿನವರು ಸಿ.ಐ. ಎನ್ನುತ್ತಾರೆ, ಗ್ಯಾರೇಜಿನವರು ಕಾಸ್ಟಿಂಗ್ ಎಂದುಬಿಡುತ್ತಾರೆ. ಊರೊಳಗೆ ಒಂದು ಸುತ್ತು ಹಾಕಿದರೆ ಇದು ಸಿಗದ ಮನೆ ಇಲ್ಲ. ಅಡುಗೆಮನೆಯ ಪಡ್ಡಿನ ಹಂಚು, ದಪ್ಪನೆಯ ಎರಕದ ದೋಸೆ ಕಾವಲಿ, ಹಳೆಯ ಹೊಲಿಗೆ ಯಂತ್ರದ ಕಾಲು, ಅಂಗಡಿಯ ತೂಕದ ಬಟ್ಟು, ಹಿಟ್ಟಿನ ಗಿರಣಿಯ ಮೈ, ಕಬ್ಬಿನ ಗಾಣದ ಉರುಳೆ, ಮೇವು ಕತ್ತರಿಸುವ ಯಂತ್ರದ ಗಾಲಿ, ಬಾವಿಯ ಮೇಲಿನ ಪಂಪು, ಡೀಸೆಲ್ ಎಂಜಿನ್ನಿನ ಬ್ಲಾಕು ಮತ್ತು ಅದರ ದೊಡ್ಡ ಚಕ್ರ, ಬಸ್ಸಿನ ಬ್ರೇಕ್ ಡ್ರಮ್ಮು. ಇವೆಲ್ಲ ಬಹುಪಾಲು ಇದೇ ಲೋಹ.

ಇದನ್ನು ಗುರುತಿಸುವುದು ಹೇಗೆ? ಮೊದಲನೆಯದು ಸದ್ದು. ನಮ್ಮ ಶಾಲೆಯ ಗಂಟೆ ರೈಲು ಕಂಬಿಯ ತುಂಡು, ಅಂದರೆ ಉಕ್ಕು. ಒಂದು ಪೆಟ್ಟು ಕೊಟ್ಟರೆ ಊರಾಚೆಯ ಹೊಲದವರೆಗೂ ನಾದ ಹೋಗುತ್ತದೆ. ಅಷ್ಟೇ ತೂಕದ ಬೀಡಿನ ತುಂಡನ್ನು ನೇತುಹಾಕಿ ಬಡಿದರೆ ಮಂಕಾದ ಸದ್ದು ಬಂದು ಬೇಗನೆ ಅಡಗುತ್ತದೆ. ಎರಡನೆಯದು ಪುಡಿ. ಅರದಿಂದ ಉಜ್ಜಿದರೆ ಬೆರಳಿಗೆ ಪೆನ್ಸಿಲ್ ಕಡ್ಡಿಯಂಥ ಕಪ್ಪು ಹತ್ತುತ್ತದೆ. ಮೂರನೆಯದು ಮುರಿದ ಮುಖದ ಬಣ್ಣ. ಬೀಡು ಒಡೆದಾಗ ಒಳಗೆ ಬೂದು ಬಣ್ಣದ ಹರಳು ಹರಳಾದ ಮೇಲ್ಮೈ ಕಾಣುತ್ತದೆ. ಬೂದು ಎಂಬ ಹೆಸರು ಅದರಿಂದಲೇ ಬಂದದ್ದು.

ಈ ಮೂರೂ ಗುರುತುಗಳಿಗೆ ಕಾರಣ ಒಂದೇ: ಅದರೊಳಗಿನ ಇಂಗಾಲ. ಕಟ್ಟಡಕ್ಕೆ, ಗೇಟಿಗೆ ಬಳಸುವ ಸಾಮಾನ್ಯ ಮೆದು ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಕಾಲು ಭಾಗವೂ ಇರುವುದಿಲ್ಲ. ರೈಲು ಕಂಬಿಯಲ್ಲಿ ಶೇ. 0.6ರಿಂದ 0.8ರಷ್ಟು ಇರುತ್ತದೆ. ಬೂದು ಬೀಡಿನಲ್ಲಿ ಅದು ಶೇ. 2.5ರಿಂದ 4, ಜೊತೆಗೆ ಶೇ. 1ರಿಂದ 3ರಷ್ಟು ಸಿಲಿಕಾನ್. ಇಷ್ಟು ಇಂಗಾಲವನ್ನು ಗಟ್ಟಿ ಕಬ್ಬಿಣ ತನ್ನೊಳಗೆ ಕರಗಿಸಿ ಇಟ್ಟುಕೊಳ್ಳಲಾರದು. ದ್ರವ ತಣಿದು ಗಟ್ಟಿಯಾಗುವಾಗ ಹೆಚ್ಚಾದ ಇಂಗಾಲ ಗ್ರಾಫೈಟ್ ಆಗಿ ಹೊರಬಿದ್ದು, ಕಬ್ಬಿಣದ ನಡುವೆಯೇ ತೆಳ್ಳನೆಯ ಪಕಳೆಗಳಾಗಿ ನಿಲ್ಲುತ್ತದೆ. ಗ್ರಾಫೈಟ್ ಎಂದರೆ ಪೆನ್ಸಿಲ್ಲಿನೊಳಗೆ ಇರುವ ಅದೇ ವಸ್ತು. ತೂಕದಲ್ಲಿ ಅದು ಕಡಿಮೆಯಾದರೂ ಹಗುರವಾದ್ದರಿಂದ ಜಾಗ ಹೆಚ್ಚು ಹಿಡಿಯುತ್ತದೆ. ಒಂದು ಬೀಡಿನ ತುಂಡಿನ ಗಾತ್ರದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಗ್ರಾಫೈಟೇ.

ಸಿಲಿಕಾನ್ ಯಾಕೆ ಬೇಕು? ಇಂಗಾಲ ಗ್ರಾಫೈಟ್ ಆಗಿ ಬಿಡುಗಡೆಯಾಗಲು ಅದು ನೆರವಾಗುತ್ತದೆ. ಸಿಲಿಕಾನ್ ಕಡಿಮೆಯಾದರೆ, ಇಲ್ಲವೇ ಎರಕ ತೀರಾ ಬೇಗ ತಣಿದರೆ, ಇಂಗಾಲ ಕಬ್ಬಿಣದ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ. ಆಗ ಮುರಿದ ಮುಖ ಬೆಳ್ಳಗೆ ಹೊಳೆಯುತ್ತದೆ. ಅದು ಬಿಳಿ ಬೀಡು. ಅದು ಎಷ್ಟು ಗಡುಸು ಎಂದರೆ ಡ್ರಿಲ್ ಬಿಟ್ಟು ಅದರೊಳಗೆ ಇಳಿಯುವುದಿಲ್ಲ. ಜೊತೆಗೆ ಗಾಜಿನ ಹಾಗೆ ಒಡೆಯುತ್ತದೆ. ಫೌಂಡ್ರಿಗಳಲ್ಲಿ ಇದನ್ನು ಪರೀಕ್ಷಿಸಲು ಸರಳವಾದ ಉಪಾಯವಿದೆ. ಕರಗಿದ ಕಬ್ಬಿಣವನ್ನು ಬೆಣೆಯಾಕಾರದ ಸಣ್ಣ ಅಚ್ಚಿಗೆ ಸುರಿದು, ತಣಿದ ಮೇಲೆ ಮುರಿದು ನೋಡುತ್ತಾರೆ. ಚೂಪಾದ ತುದಿ ಬೇಗ ತಣಿಯುವುದರಿಂದ ಅಲ್ಲಿ ಬಿಳಿ, ದಪ್ಪ ಭಾಗದಲ್ಲಿ ಬೂದು. ಬಿಳಿ ಎಷ್ಟು ಒಳಕ್ಕೆ ಹೋಗಿದೆ ಎಂದು ನೋಡಿ, ಆ ದ್ರವವನ್ನು ಅಚ್ಚಿಗೆ ಸುರಿಯಬಹುದೇ, ಇನ್ನಷ್ಟು ಫೆರೋಸಿಲಿಕಾನ್ ಹಾಕಬೇಕೇ ಎಂದು ನಿರ್ಧರಿಸುತ್ತಾರೆ.

ಈಗ ಗುಣಗಳಿಗೆ ಬರೋಣ. ಮೊದಲ ಗುಣ, ಸುಲಭವಾಗಿ ಕರಗಿ ಹರಿಯುವುದು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಬೀಡಿಗೆ 1150ರಿಂದ 1200 ಸಾಕು. ಸುರಿಯುವಾಗ ಇನ್ನೂ ಹೆಚ್ಚು ಬಿಸಿ ಇಟ್ಟುಕೊಂಡು, ಅಚ್ಚಿನ ಮೂಲೆ ಮೂಲೆಗೂ ಹರಿಯುವಂತೆ ನೋಡಿಕೊಳ್ಳುತ್ತಾರೆ. ಗಟ್ಟಿಯಾಗುವಾಗ ಲೋಹಗಳು ಕುಗ್ಗುತ್ತವೆ. ಬೂದು ಬೀಡಿನಲ್ಲಿ ಗ್ರಾಫೈಟ್ ಹೊರಬೀಳುವಾಗ ಹಿಗ್ಗುವುದರಿಂದ ಆ ಕುಗ್ಗುವಿಕೆ ಬಹಳ ಮಟ್ಟಿಗೆ ಸರಿದೂಗುತ್ತದೆ. ಎಂಜಿನ್ ಬ್ಲಾಕಿನಂಥ ಒಳದಾರಿ, ತಿರುವು, ತೆಳು ಗೋಡೆಗಳಿರುವ ವಸ್ತುವನ್ನು ಒಂದೇ ಎರಕದಲ್ಲಿ ತೆಗೆಯಲು ಇದರಿಂದಲೇ ಸಾಧ್ಯ. ತೂಕದ ಬಟ್ಟಿನ ಮೇಲಿನ ಅಕ್ಷರ ಅಷ್ಟು ಸ್ಪಷ್ಟವಾಗಿ ಮೂಡುವುದೂ ಹೀಗೆಯೇ. ಆ ಬಟ್ಟಿನಲ್ಲಿ ಸೀಸ ತುಂಬಿದ ಸಣ್ಣ ಗುಳಿ ಇರುವುದನ್ನು ನೋಡಿರುತ್ತೀರಿ. ಎರಕದಲ್ಲಿ ತೂಕ ಕೂದಲೆಳೆಯಷ್ಟೂ ತಪ್ಪದಂತೆ ಬರುವುದಿಲ್ಲವಾದ್ದರಿಂದ ಸೀಸ ಹಾಕಿ ಸರಿಮಾಡಿ, ಅದರ ಮೇಲೆ ಸರ್ಕಾರಿ ಮುದ್ರೆ ಒತ್ತುತ್ತಾರೆ.

ಎರಡನೆಯದು, ನಡುಕವನ್ನು ನುಂಗುವುದು. ಗಂಟೆಯಾಗಲು ಬೀಡಿಗೆ ಯೋಗ್ಯತೆ ಇಲ್ಲ ಎಂದೆನಲ್ಲ, ಅದೇ ದೋಷ ಬೇರೆ ಕಡೆ ವರವಾಗುತ್ತದೆ. ಒಳಗಿನ ಗ್ರಾಫೈಟ್ ಪಕಳೆಗಳು ಕಂಪನದ ಶಕ್ತಿಯನ್ನು ಅಲ್ಲಲ್ಲೇ ಅಡಗಿಸುತ್ತವೆ. ಲೇತ್ ಯಂತ್ರದ ಹಾಸು ನಡುಗಿದರೆ ಅದರ ಮೇಲೆ ತಿರುವಿದ ಕೆಲಸ ನುಣುಪಾಗುವುದಿಲ್ಲ, ಅಳತೆಯೂ ನಿಲ್ಲುವುದಿಲ್ಲ. ಆದ್ದರಿಂದಲೇ ಹಾಸು ಬೀಡಿನದು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್‌ಗಳಿಗೇ ಹೆಸರಾಗಿತ್ತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಬಂತು. ಇಲ್ಲಿಂದ ಐ.ಟಿ.ಐ.ಗೆ ಹೋಗುವ ಮಕ್ಕಳು ಅಲ್ಲಿನ ಹಳೆಯ ಲೇತ್‌ನ ಹಾಸನ್ನು ಒಮ್ಮೆ ಮುಟ್ಟಿ ನೋಡಿ. ಅದು ಬೂದು ಬೀಡು.

ಮೂರನೆಯದು, ಕೊರೆಯಲು ಸುಲಭ. ಉಕ್ಕನ್ನು ತಿರುವಿದರೆ ಸುರುಳಿ ಸುರುಳಿಯಾಗಿ ಚೂರು ಬರುತ್ತದೆ. ಬೀಡಿನಿಂದ ಪುಡಿಪುಡಿಯಾಗಿ ಉದುರುತ್ತದೆ. ಗ್ರಾಫೈಟೇ ಎಣ್ಣೆಯ ಹಾಗೆ ಜಾರಿಕೆ ಕೊಡುತ್ತದೆ. ಎಂಜಿನ್ ಸಿಲಿಂಡರಿನೊಳಗೆ ಪಿಸ್ಟನ್ ಉಂಗುರ ಲಕ್ಷಾಂತರ ಸಲ ಓಡಾಡಿದರೂ ಬೇಗ ಸವೆಯದಿರಲು ಈ ಜಾರಿಕೆಯೂ ಒಂದು ಕಾರಣ. ಬ್ರೇಕಿನಲ್ಲಿ ಹುಟ್ಟುವ ಬಿಸಿಯನ್ನು ಬೇಗ ಹರಡುವ ಕೆಲಸವನ್ನೂ ಗ್ರಾಫೈಟ್ ಮಾಡುತ್ತದೆ.

ನಾಲ್ಕನೆಯದು ಬಹಳ ಮುಖ್ಯ. ನಾನು ಇವತ್ತು ಹೇಳಬೇಕೆಂದು ಬಂದ ಮಾತೂ ಇದೇ. ಒಂದು ಸೀಮೆಸುಣ್ಣದ ತುಂಡನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿ; ಸಾಕಷ್ಟು ತಡೆಯುತ್ತದೆ. ಅದೇ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ಟಕ್ಕನೆ ಮುರಿಯುತ್ತದೆ. ಬೀಡಿನ ಸ್ವಭಾವವೂ ಹೀಗೆ. ಒಳಗಿನ ಪಕಳೆಗಳಿಗೆ ಬಲವಿಲ್ಲ. ಎಳೆದಾಗ ಪ್ರತಿಯೊಂದು ಪಕಳೆಯ ಚೂಪು ತುದಿಯೂ ಒಂದು ಬಿರುಕಿನಂತೆ ಬಾಯಿ ತೆರೆಯುತ್ತದೆ. ಒತ್ತಿದಾಗ ಆ ಬಾಯಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಬೀಡು ಎಳೆತವನ್ನು ತಡೆಯುವುದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು ಒತ್ತಡವನ್ನು ತಡೆಯುತ್ತದೆ. ಉಕ್ಕು ಮುರಿಯುವ ಮೊದಲು ಬಾಗಿ, ಹಿಗ್ಗಿ ಎಚ್ಚರಿಕೆ ಕೊಡುತ್ತದೆ. ಬೂದು ಬೀಡು ನೂರಕ್ಕೆ ಒಂದು ಪಾಲೂ ಹಿಗ್ಗದೆ, ಹೇಳದೆ ಕೇಳದೆ ಒಡೆಯುತ್ತದೆ. ಒಂದೇ ಸಾಲಿನಲ್ಲಿ ನೆನಪಿಡಿ: ಒತ್ತುವ ಕಡೆ ಬೀಡು, ಎಳೆಯುವ ಕಡೆ ಉಕ್ಕು.

ಈ ಒಂದು ಸಾಲನ್ನು ಕಲಿಯಲು ಜಗತ್ತು ದೊಡ್ಡ ಬೆಲೆ ಕೊಟ್ಟಿದೆ. ಇಂಗ್ಲೆಂಡಿನಲ್ಲಿ 1779ರಲ್ಲಿ ಸೆವರ್ನ್ ನದಿಗೆ ಬೀಡಿನ ಸೇತುವೆ ಕಟ್ಟಿದರು. ಅದು ಕಮಾನು. ಕಮಾನಿನಲ್ಲಿ ಪ್ರತಿ ಭಾಗವೂ ಪಕ್ಕದ ಭಾಗವನ್ನು ಒತ್ತುತ್ತಿರುತ್ತದೆ. ಆ ಸೇತುವೆ ಇಂದಿಗೂ ನಿಂತಿದೆ. ಅದೇ ದೇಶದ ಚೆಸ್ಟರ್ ಊರಿನಲ್ಲಿ ಡೀ ನದಿಯ ಮೇಲೆ ರೈಲ್ವೆ ಸೇತುವೆಗೆ ಬೀಡಿನ ತೊಲೆಗಳನ್ನು ಅಡ್ಡ ಹಾಸಿದರು. ಅಡ್ಡ ಹಾಸಿದ ತೊಲೆಯ ಮೇಲೆ ಭಾರ ಬಿದ್ದರೆ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. 1847ರ ಮೇ 24ರಂದು ರೈಲು ಹೋಗುತ್ತಿದ್ದಾಗ ತೊಲೆ ಒಡೆದು ಐದು ಜನ ಸತ್ತರು. ಸೇತುವೆಯ ವಿನ್ಯಾಸ ಮಾಡಿದವರು ರಾಬರ್ಟ್ ಸ್ಟೀವನ್‌ಸನ್, ಆ ಕಾಲದ ಬಹು ದೊಡ್ಡ ಎಂಜಿನಿಯರ್. ಲೋಹದ ಸ್ವಭಾವ ಎಂಜಿನಿಯರಿನ ಹೆಸರು ನೋಡುವುದಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಊರುಗಳ ಬೋರಿಂಗಿನ ಕಥೆಯೇ ಇದೆ. 1960ರ ದಶಕದ ಬರಗಾಲದಲ್ಲಿ ದೇಶದ ಹಳ್ಳಿಗಳಲ್ಲಿ ಕೊಳವೆ ಬಾವಿ ಕೊರೆಸಿ ಬೀಡಿನ ಕೈಪಂಪುಗಳನ್ನು ಕೂರಿಸಿದರು. ಅವು ಯುರೋಪ್, ಅಮೆರಿಕದ ಒಂಟಿ ಮನೆಗಳಿಗೆಂದು ಮಾಡಿದ ಮಾದರಿಯವು. ಒಂದು ಸಂಸಾರ ದಿನಕ್ಕೆ ಕೆಲವು ಸಲ ಒತ್ತುವಂಥವು. ಇಲ್ಲಿ ಇಡೀ ಊರು ಕೊಡ ಹಿಡಿದು ಸರತಿ ನಿಂತು ಬೆಳಗಿನಿಂದ ರಾತ್ರಿವರೆಗೆ ಹಿಡಿಕೆ ಜಗ್ಗಿತು. ಬೀಡಿನ ಹಿಡಿಕೆಗಳು, ಕೀಲುಗಳು ಒಡೆದವು. ಕೆಳಗೆ ನೀರಿದ್ದರೂ ಮೇಲೆ ಪಂಪಿಲ್ಲದೆ ಹೆಣ್ಣುಮಕ್ಕಳು ಮತ್ತೆ ಹಳ್ಳಕ್ಕೆ ನಡೆದರು. 1970ರ ದಶಕದಲ್ಲಿ ಸೊಲ್ಲಾಪುರದ ಪಂಪೊಂದನ್ನು ಆಧಾರವಾಗಿಟ್ಟುಕೊಂಡು, ಸರ್ಕಾರ ಮತ್ತು ಯುನಿಸೆಫ್ ಸೇರಿ ಇಂಡಿಯಾ ಮಾರ್ಕ್ 2 ಎಂಬ ಪಂಪನ್ನು ರೂಪಿಸಿದರು. ಅದರ ತಲೆ ಮತ್ತು ಹಿಡಿಕೆ ಉಕ್ಕಿನವು. ಹಾಗೆಂದು ಬೀಡನ್ನು ಪೂರ್ತಿ ಬಿಟ್ಟುಬಿಡಲಿಲ್ಲ. ನೆಲದೊಳಗೆ ಇಳಿಯುವ ಸಿಲಿಂಡರಿನ ಹೊರಮೈ ಬೀಡಿನದೇ, ಒಳಗೆ ಹಿತ್ತಾಳೆಯ ಅಸ್ತರಿ. ಜಗ್ಗುವ ಜಾಗ ಉಕ್ಕಿಗೆ, ತೆಪ್ಪಗೆ ಕೂತು ನೀರನ್ನು ಹಿಡಿದಿಡುವ ಜಾಗ ಬೀಡಿಗೆ. ಎಷ್ಟೋ ಹಳ್ಳಿಗಳು ದಶಕಗಳ ಕಾಲ ನೀರು ಕುಡಿದದ್ದು ಈ ಸರಿಯಾದ ಹಂಚಿಕೆಯಿಂದ.

ಇನ್ನು ದರ್ಜೆಗಳು. ನಮ್ಮ ದೇಶದಲ್ಲಿ ಬೂದು ಬೀಡಿಗೆ ಐ.ಎಸ್. 210 ಎಂಬ ಮಾನಕವಿದೆ. ಅದರಲ್ಲಿ ಎಫ್.ಜಿ. 150ರಿಂದ ಎಫ್.ಜಿ. 400ರವರೆಗೆ ದರ್ಜೆಗಳಿವೆ, ನಡುವೆ 200, 220, 260, 300, 350. ಈ ಸಂಖ್ಯೆಯ ಅರ್ಥ ಏನು? ಒಂದು ಚದರ ಮಿಲಿಮೀಟರ್ ಅಡ್ಡಳತೆಯ ಕಬ್ಬಿಣ ಮುರಿಯದೆ ತಡೆಯಬೇಕಾದ ಕನಿಷ್ಠ ಎಳೆತ, ನ್ಯೂಟನ್ ಲೆಕ್ಕದಲ್ಲಿ. ಹತ್ತು ನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಕಿಲೋ ತೂಕ. ಹಾಗಾದರೆ ಎಫ್.ಜಿ. 260ರ ಒಂದು ಚದರ ಮಿಲಿಮೀಟರ್ ಕಡ್ಡಿಗೆ ಇಪ್ಪತ್ತಾರು ಕಿಲೋ ಚೀಲ ನೇತುಹಾಕಬಹುದು. ಒಂಬತ್ತನೇ ತರಗತಿಯ ಮಕ್ಕಳು ಇದನ್ನು ಇವತ್ತೇ ಲೆಕ್ಕ ಮಾಡಿ ನೋಡಬಹುದು.

ಈ ಬಲವನ್ನು ಅಳೆಯಲು 30 ಮಿಲಿಮೀಟರ್ ವ್ಯಾಸದ ಪರೀಕ್ಷಾ ಸರಳನ್ನು ಬೇರೆಯಾಗಿ ಎರಕ ಹೊಯ್ದು, ತಿರುವಿ, ಯಂತ್ರದಲ್ಲಿ ಎಳೆದು ಮುರಿಯುತ್ತಾರೆ. 30 ಎಂದು ನಿಗದಿ ಮಾಡಿದ್ದಕ್ಕೆ ಕಾರಣವಿದೆ. ಒಂದೇ ಕುಲುಮೆಯ ಕಬ್ಬಿಣವಾದರೂ ತೆಳುವಾದ ಭಾಗ ಬೇಗ ತಣಿದು ಪಕಳೆ ಸಣ್ಣದಾಗಿ ಬಲ ಹೆಚ್ಚುತ್ತದೆ; ದಪ್ಪ ಭಾಗ ನಿಧಾನ ತಣಿದು ಪಕಳೆ ದೊಡ್ಡದಾಗಿ ಬಲ ತಗ್ಗುತ್ತದೆ. ಎಲ್ಲರೂ ಒಂದೇ ದಪ್ಪದ ಸರಳನ್ನು ಅಳೆದರೆ ಮಾತ್ರ ಹೋಲಿಕೆಗೆ ಅರ್ಥ. ನಮ್ಮ ಪ್ರೋಗ್ರಾಮುಗಳು ಹಾಕುವ ಲೆಕ್ಕದ ತಿರುಳೂ ಇದೇ: ಯಾವ ಭಾಗ ಎಷ್ಟು ನಿಧಾನವಾಗಿ ತಣಿಯುತ್ತದೆ ಎಂಬುದು.

ದರ್ಜೆಯ ಸಂಖ್ಯೆ ಹೆಚ್ಚಾದಷ್ಟೂ ಒಳ್ಳೆಯದು ಎಂದು ತಿಳಿಯಬೇಡಿ. ಪಂಪಿನ ಹೊರಕವಚಕ್ಕೆ ಸಾಮಾನ್ಯವಾಗಿ ಎಫ್.ಜಿ. 200 ಸಾಕು. ಎಂಜಿನ್ ಬ್ಲಾಕು, ಲೇತ್ ಹಾಸುಗಳಿಗೆ 260ರ ಆಸುಪಾಸಿನದು ಬೇಕು. ಭಾರವಾದ ವಾಹನಗಳ ಬ್ರೇಕ್ ಡಿಸ್ಕಿಗೆ ಕೆಲವೊಮ್ಮೆ ಬೇಕೆಂದೇ ಕೆಳದರ್ಜೆಯ, ಇಂಗಾಲ ಹೆಚ್ಚಿರುವ ಬೀಡನ್ನು ಆರಿಸುತ್ತಾರೆ. ಅಲ್ಲಿ ಎಳೆತದ ಬಲಕ್ಕಿಂತ ಬಿಸಿಯನ್ನು ಹರಡುವುದು ಮುಖ್ಯ. ಗ್ರಾಫೈಟ್ ಹೆಚ್ಚಿದ್ದಷ್ಟೂ ಆ ಕೆಲಸ ಚೆನ್ನ. ಮೇಲಿನ ದರ್ಜೆಯಲ್ಲಿ ಗ್ರಾಫೈಟ್ ಕಡಿಮೆ. ನಡುಕ ನುಂಗುವ ಗುಣವೂ ಕಡಿಮೆ. ಪರೀಕ್ಷೆಯ ಗ್ರೇಡ್ ನೋಡಿ ಮಕ್ಕಳನ್ನು ಅಳೆಯುವ ತಂದೆತಾಯಿಯರು ಇದನ್ನೂ ಸ್ವಲ್ಪ ಯೋಚಿಸಲಿ.

ಬೀಡು ಎಲ್ಲಿಂದ ಬರುತ್ತದೆ? ಅದಿರನ್ನು ಊದುಕುಲುಮೆಯಲ್ಲಿ ಕರಗಿಸಿದಾಗ ಮೊದಲು ಸಿಗುವುದು ಪಿಗ್ ಐರನ್ ಎಂಬ ಗಟ್ಟಿಗಳು. ನಮ್ಮ ನಾಡಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ ಅಲ್ಲಿ ಕಬ್ಬಿಣವಾಯಿತು. ಈ ಗಟ್ಟಿಗಳನ್ನು ಹಳೆಯ ಗುಜರಿಯ ಜೊತೆ ಮತ್ತೆ ಕರಗಿಸಿ, ಹದ ನೋಡಿ, ಮರಳಿನ ಅಚ್ಚಿಗೆ ಸುರಿಯುವುದು ಫೌಂಡ್ರಿಯ ಕೆಲಸ. ಕರಗಿಸಲು ಹಿಂದೆ ಕೋಕ್ ಉರಿಸುವ ಕ್ಯುಪೋಲಾ ಕುಲುಮೆ. ಈಗ ಹೆಚ್ಚಾಗಿ ವಿದ್ಯುತ್ತಿನ ಇಂಡಕ್ಷನ್ ಕುಲುಮೆ. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿಗಳ ಸಾಲೇ ಇದೆ. ಶಿವಮೊಗ್ಗದಲ್ಲಿವೆ, ಕೊಪ್ಪಳದ ಬೇವಿನಹಳ್ಳಿಯಲ್ಲಿ ಪಿಗ್ ಐರನ್ ಮತ್ತು ಎಂಜಿನ್ ಬ್ಲಾಕ್ ಎರಡನ್ನೂ ಮಾಡುವ ದೊಡ್ಡ ಕಾರ್ಖಾನೆ ಇದೆ. ನಮ್ಮ ಕಡೆಯ ಹುಡುಗರು ಕೆಲಸಕ್ಕೆ ಹೋಗುವುದೂ ಇಂಥ ಕಡೆಗೇ.

ಅವರಿಗಾಗಿ ಎರಡು ಮಾತು ಹೇಳಲೇಬೇಕು. ಅಚ್ಚು ಮಾಡುವ ಮರಳಿನಲ್ಲಿ ಸಿಲಿಕಾ ಇರುತ್ತದೆ. ಎರಕ ತಣಿದ ಮೇಲೆ ಅಚ್ಚು ಒಡೆಯುವಾಗ, ಅಂಟಿದ ಮರಳನ್ನು ಉಜ್ಜಿ ತೆಗೆಯುವಾಗ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಧೂಳು ಏಳುತ್ತದೆ. ಅದು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ, ತಡೆಯುವುದೊಂದೇ ದಾರಿ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು. ಧೂಳು ತಡೆಯುವ ಸರಿಯಾದ ಮಾಸ್ಕ್, ಧೂಳು ಎಳೆಯುವ ಫ್ಯಾನು, ನೆಲಕ್ಕೆ ನೀರು ಚಿಮುಕಿಸುವುದು, ನಿಯಮಿತ ಎದೆಯ ಎಕ್ಸ್‌ರೇ, ಇವನ್ನು ಕೇಳುವುದು ಕೆಲಸಗಾರನ ಹಕ್ಕು. ಎರಡನೆಯದು, ಕರಗಿದ ಕಬ್ಬಿಣದ ಹತ್ತಿರ ನೀರಿನ ತೇವ ಇರಬಾರದು. ತೇವವಿರುವ ಸೌಟಿಗೆ, ಒದ್ದೆ ಗುಜರಿಯ ಮೇಲೆ ದ್ರವ ಬಿದ್ದರೆ ನೀರು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ಅಣ್ಣನೋ ತಮ್ಮನೋ ಫೌಂಡ್ರಿಯಲ್ಲಿದ್ದರೆ ಇವತ್ತೇ ಫೋನು ಮಾಡಿ, ಮಾಸ್ಕ್ ಕೊಟ್ಟಿದ್ದಾರಾ ಎಂದು ಕೇಳಿ.

ರೈತರಿಗೆ ಒಂದು ಮಾತು. ಬಿರುಕು ಬಿಟ್ಟ ಪಂಪಿನ ಮೈಯನ್ನು ಗೇಟಿಗೆ ಬೆಸುಗೆ ಹಾಕುವ ಸಾಮಾನ್ಯ ರಾಡಿನಲ್ಲೇ ವೆಲ್ಡಿಂಗ್ ಮಾಡಿಸಿದರೆ ಎರಡು ದಿನದಲ್ಲಿ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುವುದನ್ನು ನೋಡಿರುತ್ತೀರಿ. ವೆಲ್ಡರನನ್ನು ಬೈಯುವ ಮೊದಲು ಕಾರಣ ತಿಳಿಯಿರಿ. ಬೆಸುಗೆಯ ಸುತ್ತ ಲೋಹ ಕ್ಷಣದಲ್ಲಿ ಕಾದು ಕ್ಷಣದಲ್ಲಿ ತಣಿದು ಬಿಳಿ ಬೀಡಾಗುತ್ತದೆ. ಕುಗ್ಗುವಾಗ ಎಳೆತವೂ ಹುಟ್ಟುತ್ತದೆ. ಎಳೆತ ಬೀಡಿಗೆ ಆಗದು ಎಂದು ಆಗಲೇ ಹೇಳಿದೆ. ಇದಕ್ಕೆ ನಿಕಲ್ ಇರುವ ಬೇರೆ ರಾಡು ಇದೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದುವರಿಯದಂತೆ ತಡೆಯಬೇಕು. ಸಾಧ್ಯವಾದರೆ ಇಡೀ ತುಂಡನ್ನು ಮೊದಲು ಬಿಸಿ ಮಾಡಿ, ಸ್ವಲ್ಪ ಸ್ವಲ್ಪವೇ ಬೆಸೆದು, ಕೊನೆಗೆ ಬೂದಿಯಲ್ಲೋ ಒಣ ಮರಳಿನಲ್ಲೋ ಹೂತು ನಿಧಾನವಾಗಿ ತಣಿಸಬೇಕು. ನೀರು ಹಾಕಿ ತಣಿಸಿದರೆ ಪಂಪು ಗುಜರಿಗೇ ಹೋಗುತ್ತದೆ. ಆದರೆ ಬ್ರೇಕ್ ಡ್ರಮ್ಮು ಬಿರುಕು ಬಿಟ್ಟರೆ ಬೆಸುಗೆಯ ಮಾತೇ ಬೇಡ, ಬದಲಾಯಿಸಿ. ಅಲ್ಲಿ ಉಳಿಸುವ ದುಡ್ಡಿಗಿಂತ ಟ್ರಾಲಿಯಲ್ಲಿ ಕೂತವರ ಜೀವ ದೊಡ್ಡದು.

ಕೊನೆಯದಾಗಿ, ಪಕಳೆಯ ಚೂಪನ್ನೇ ತೆಗೆದುಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಮಕ್ಕಳಿಗೆ ಬಂದಿರಬಹುದು. ಅದೇ ಪ್ರಶ್ನೆಗೆ 1940ರ ದಶಕದಲ್ಲಿ ಉತ್ತರ ಸಿಕ್ಕಿತು. ಕರಗಿದ ಬೀಡಿಗೆ ಒಂದಿಷ್ಟು ಮೆಗ್ನೀಸಿಯಮ್ ಸೇರಿಸಿ, ಅದರಲ್ಲಿ ಶೇ. 0.05ರಷ್ಟು ಉಳಿದರೂ ಗ್ರಾಫೈಟ್ ಪಕಳೆಯಾಗದೆ ದುಂಡನೆಯ ಗುಂಡಾಗುತ್ತದೆ. ಗುಂಡಿಗೆ ಚೂಪಿಲ್ಲ, ಬಿರುಕು ಅಲ್ಲಿಂದ ಸುಲಭವಾಗಿ ಹೊರಡುವುದಿಲ್ಲ. ಅದನ್ನು ಎಸ್.ಜಿ. ಐರನ್ ಎನ್ನುತ್ತಾರೆ. ಅದು ಬಾಗುತ್ತದೆ, ಎಳೆತವನ್ನೂ ತಡೆಯುತ್ತದೆ. ಈಗ ಹೊಸ ನೀರಿನ ಕೊಳವೆಗಳಿಗೆ, ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಗಳಿಗೆ ಅದು ಬಂದಿದೆ. ಆದರೂ ಲೇತ್ ಹಾಸಿಗೆ, ಬ್ರೇಕಿಗೆ, ಎಂಜಿನ್ ಬ್ಲಾಕಿಗೆ ಹಳೆಯ ಬೂದು ಬೀಡೇ ಇನ್ನೂ ಬೇಕು. ನಡುಕ ನುಂಗಲು, ಬಿಸಿ ಹರಡಲು ಆ ಪಕಳೆಗಳೇ ಬೇಕು.

ಮಕ್ಕಳೇ, ನಾಳೆ ವಿಜ್ಞಾನದ ತರಗತಿಗೆ ಬರುವಾಗ ಮನೆಯಲ್ಲಿ ಮುರಿದು ಬಿದ್ದಿರುವ ಕಬ್ಬಿಣದ ಒಂದೊಂದು ತುಂಡು ತನ್ನಿ. ಸದ್ದು ಕೇಳಿ, ಅರ ಹಾಕಿ, ಮುರಿದ ಮುಖ ನೋಡಿ, ಯಾವುದು ಬೀಡು ಯಾವುದು ಉಕ್ಕು ಎಂದು ವಿಂಗಡಿಸಿ. ಅದು ಎಲ್ಲಿ ಮುರಿದಿದೆ, ಅಲ್ಲಿ ಒತ್ತಡವಿತ್ತೋ ಎಳೆತವಿತ್ತೋ ಎಂದು ನಿಮ್ಮ ಮೇಷ್ಟ್ರ ಜೊತೆ ಕೂತು ಯೋಚಿಸಿ. ಇದಕ್ಕೆ ಕಂಪ್ಯೂಟರ್ ಬೇಡ, ದುಡ್ಡೂ ಬೇಡ. ಒಂದು ಅರ ಸಾಕು. ಅರವನ್ನು ನಾನೇ ತಂದು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ.